ಹೊಗೆಯಿಲ್ಲದ ಊರಿನಲ್ಲಿ ಬ್ಯಾಟರಿ ಶರಣಪ್ಪ

ಹೊಸಪೇಟೆ

ಯಾರಾದರೂ ಒಂದು ವಸ್ತುವನ್ನು ತೋರಿಸಿ ‘ಇದು ಪರಿಸರಕ್ಕೆ ಒಳ್ಳೆಯದು’ ಎಂದರೆ ಸಾಕು, ನಾನು ಅದರ ಹಿಂದಕ್ಕೆ ಹೋಗಿ ಬಗ್ಗಿ ನೋಡುತ್ತೇನೆ. ಇದು ಹುಟ್ಟಿನಿಂದ ಬಂದ ಗುಣವಲ್ಲ, ನಮ್ಮೂರು ಕಲಿಸಿದ್ದು. ಸಂಡೂರಿನ ಗುಡ್ಡ ಕಡಿದ ಅದಿರು ನಮ್ಮ ಅಂಗಡಿಯ ಮುಂದಿನ ರಸ್ತೆಯಲ್ಲೇ ಹೋಗುತ್ತಿದ್ದ ವರ್ಷಗಳವು. ಬೆಳಿಗ್ಗೆ ಹಾಕಿಕೊಂಡ ಬಿಳಿ ಅಂಗಿ ಮಧ್ಯಾಹ್ನಕ್ಕೆ ಮಠದ ಸ್ವಾಮಿಗಳ ಬಟ್ಟೆಯಾಗುತ್ತಿತ್ತು. ಅದೇ ರಸ್ತೆಯ ಪಕ್ಕ ಯಾರೋ ‘ಗಿಡ ಬೆಳೆಸಿ, ನಾಡು ಉಳಿಸಿ’ ಎಂದು ಬೋರ್ಡು ನೆಟ್ಟಿದ್ದರು. ಅದನ್ನು ಓದಬೇಕಾದರೆ ಮೊದಲು ಕೈಯಿಂದ ಧೂಳು ಒರೆಸಬೇಕಿತ್ತು. ಇಂಥ ಊರಿನವನು ಯಾರನ್ನು ನಂಬಿಯಾನು?

ನನ್ನದು ಲಾರಿ ಬ್ಯಾಟರಿ ಅಂಗಡಿ. ಮೈನಿಂಗ್ ಜೋರಾಗಿ ಟಿಪ್ಪರುಗಳು ಹೆಚ್ಚಾದಂತೆ ಸತ್ತ ಬ್ಯಾಟರಿಗಳೂ ಹೆಚ್ಚಾದವು. ನಾನು ಅಂಗಡಿಯ ಗಲ್ಲೆಯ ಮೇಲೆ ಕೂರುತ್ತೇನೆ. ತಮ್ಮ ವೀರೇಶ ಪಾಪಿನಾಯಕನಹಳ್ಳಿ ಹತ್ತಿರ ನಮ್ಮ ಹೊಲದಲ್ಲಿರುವ ತಗಡಿನ ಶೆಡ್ಡಿನಲ್ಲಿ ಇರುತ್ತಾನೆ. ಸತ್ತ ಬ್ಯಾಟರಿ ಒಡೆಯುವುದು, ಒಳಗಿನ ಸೀಸದ ಪ್ಲೇಟು ಕರಗಿಸುವುದು, ಕರಗಿದ್ದನ್ನು ಸೌಟಿನಿಂದ ಅಚ್ಚಿಗೆ ಹೊಯ್ದು ಇಟ್ಟಿಗೆ ಮಾಡುವುದು, ಇದೆಲ್ಲ ಅವನ ಕೆಲಸ.

ಒಂದು ವರ್ಷದಿಂದ ವೀರೇಶನ ಮೇಲೆ ನನಗೆ ಅನುಮಾನ. ಹೊಟ್ಟೆನೋವು ಎಂದು ವಾರಕ್ಕೆರಡು ದಿನ ಮಲಗುತ್ತಿದ್ದ. ಚಹಾದ ಕಪ್ಪು ಕೈಯಿಂದ ಜಾರುತ್ತಿತ್ತು. ಕರೆದರೆ ತಡವಾಗಿ ತಿರುಗುತ್ತಿದ್ದ, ಸುಮ್ಮಸುಮ್ಮನೆ ಸಿಟ್ಟಾಗುತ್ತಿದ್ದ. ಟಿಪ್ಪರ್ ಡ್ರೈವರುಗಳ ಜೊತೆ ಓಡಾಡಿ ಕುಡಿತ ಕಲಿತಿದ್ದಾನೆ ಎಂದು ನಾನು ತೀರ್ಮಾನಿಸಿದೆ. ದೇವರ ಕೋಣೆಗೆ ಕರೆದು, ಕೊರಳಲ್ಲಿದ್ದ ಲಿಂಗ ಹಿಡಿಸಿ ಆಣೆ ಮಾಡಿಸಿದೆ.

“ಅಣ್ಣಾ, ಲಿಂಗದಾಣಿ, ಹನಿ ಮುಟ್ಟಿಲ್ಲ” ಅಂದ.

ನಂಬಲಿಲ್ಲ. ಸ್ವಿಟ್ಜರ್ಲೆಂಡಿಗೆ ಹೊರಡುವ ಹಿಂದಿನ ದಿನ ನನ್ನ ಹೆಂಡತಿ ನೀಲಮ್ಮನಿಗೆ, “ವಾಪಸ್ ಬಂದ ಮ್ಯಾಲೆ ಅವನ್ನ ಬ್ಯಾರೆ ಹಾಕ್ತೀನಿ. ಕುಡುಕನ್ನ ಕಟಗೊಂಡು ಅಂಗಡಿ ನಡಸಾಕ ಆಗಲ್ಲ” ಎಂದು ಹೇಳಿಯೇ ವಿಮಾನ ಹತ್ತಿದ್ದು.

ಬೆಂಗಳೂರಿನ ವಿಮಾನ ನಿಲ್ದಾಣ

ವಿಮಾನ ಹತ್ತುವಂತೆ ಮಾಡಿದವನು ನನ್ನ ಶಾಲೆಯ ಗೆಳೆಯ ಪಂಪಾಪತಿ. ಹಂಪಿಯಲ್ಲಿ ಅವನದೊಂದು ಗೆಸ್ಟ್ ಹೌಸು. ಉರ್ಸುಲಾ ಎಂಬ ಸ್ವಿಟ್ಜರ್ಲೆಂಡಿನ ಹೆಂಗಸು ಪ್ರತಿ ನವೆಂಬರಿನಲ್ಲಿ ಅಲ್ಲಿಗೆ ಬಂದು ತಿಂಗಳುಗಟ್ಟಲೆ ಇರುತ್ತಿದ್ದರು. ತಮ್ಮೂರಲ್ಲಿ ಪೆಟ್ರೋಲು, ಡೀಸೆಲು ಗಾಡಿಗೆ ಪ್ರವೇಶವೇ ಇಲ್ಲ, ಎಲ್ಲ ಕರೆಂಟಿನ ಗಾಡಿಗಳೇ ಎಂದು ಅವರು ಹೇಳಿದ್ದೇ ಇವನ ತಲೆಗೆ ಹುಳ ಬಿಟ್ಟಿತು. ಹಂಪಿಯಲ್ಲಿ ಆಟೋ ಹೊಗೆಯ ಬದಲು ಅಂಥ ಗಾಡಿ ಓಡಿಸಬೇಕು, ಅದಕ್ಕೆ ಮೊದಲು ಕಣ್ಣಾರೆ ನೋಡಬೇಕು, ಬ್ಯಾಟರಿ ತಿಳಿದವನು ಜೊತೆಗೆ ಬೇಕು.

“ನೀ ಹೂಂ ಅಂದ್ರ ತರೂಣು, ಊಹೂಂ ಅಂದ್ರ ಬಿಡೂಣು” ಅಂದ.

ನಾನು ಊಹೂಂ ಅನ್ನುವುದಕ್ಕೆಂದೇ ಹೊರಟೆ. ಚೀಲದಲ್ಲಿ ನಲವತ್ತು ಕಟಕ್ ರೊಟ್ಟಿ, ಶೇಂಗಾ ಹಿಂಡಿ, ಕೆಂಪು ಚಟ್ನಿ ಮತ್ತು ನನ್ನ ಹೈಡ್ರೋಮೀಟರ್ ಇದ್ದವು. ಬ್ಯಾಟರಿಯ ಆ್ಯಸಿಡ್ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಗಾಜಿನ ಕೊಳವೆ ಅದು, ತುದಿಗೆ ರಬ್ಬರಿನ ಗುಂಡು ಇರುತ್ತದೆ. ತಪಾಸಣೆಯ ಹುಡುಗಿ ಅದನ್ನು ಎತ್ತಿ ಹಿಡಿದು, ಮೂಸಿ, ಮುಖ ಕಿವುಚಿ ತೊಟ್ಟಿಗೆ ಹಾಕಿದಳು. ರೊಟ್ಟಿಯನ್ನು ಮಾತ್ರ ಬಡಿದು ನೋಡಿ ವಾಪಸು ಕೊಟ್ಟಳು.

“ನನ್ನ ಕಣ್ಣು ಕಿತ್ಕೊಂಡಂಗ ಆತು. ಇನ್ನ ಅವರ ಬ್ಯಾಟರಿ ಹೆಂಗ ನೋಡ್ಲಿ?” ಎಂದು ಗೊಣಗಿದೆ.

“ಕಣ್ಣು ಹೋದ್ರ ಹೋತು, ನಾಲಿಗಿ ಐತಲ್ಲ ನಿನಗ” ಅಂದ ಪಂಪಾಪತಿ. ಅವನು ನನ್ನ ಬಾಯಿಯ ಜೋರಿನ ಬಗ್ಗೆ ಹೇಳಿದ್ದು.

ಕೆಳಗಿನ ಸ್ಟೇಷನ್

ಬೆಟ್ಟದ ಬುಡದಲ್ಲಿ ಒಂದು ಸ್ಟೇಷನ್. ಮೇಲಿನ ಊರಿಗೆ ಹೋಗುವವರು ತಮ್ಮ ಕಾರುಗಳನ್ನು ಇಲ್ಲೇ ಬಿಟ್ಟು ಪುಟ್ಟ ರೈಲು ಹತ್ತಬೇಕು. ಎಂಥೆಂಥ ಕಾರುಗಳು! ಜಾತ್ರೆಗೆ ಬಂದವರು ಗುಡಿಯ ಹೊರಗೆ ಬಿಟ್ಟ ಚಪ್ಪಲಿಗಳ ಹಾಗೆ ಸಾಲುಗಟ್ಟಿ ನಿಂತಿದ್ದವು.

“ನೋಡಿದ್ಯಾ? ಹೊಗಿ ಎಲ್ಲ ಕೆಳಗಿನೂರಿಗೆ ಕೊಟ್ಟು ಮ್ಯಾಲೆ ಮಡಿ ಮಾಡ್ತಾರ” ಅಂದೆ.

“ಶುರು ಆತು ನಿಂದು” ಎಂದು ಪಂಪಾಪತಿ ಕಿಟಕಿಯ ಕಡೆ ತಿರುಗಿದ.

ಮೇಲಿನ ಸ್ಟೇಷನ್ನಿನಲ್ಲಿ ಉರ್ಸುಲಾ ಕಾಯುತ್ತಿದ್ದರು. ಅರವತ್ತು ದಾಟಿದ ಎತ್ತರದ ಹೆಂಗಸು. ಹಂಪಿಯ ಬಾಳೆಹಣ್ಣು ಮಾರುವವರಿಂದ ಕಲಿತ ಕನ್ನಡ ಅವರದು, ಆದ್ದರಿಂದ ಮಾತೆಲ್ಲ ಸಂತೆಯ ದನಿಯಲ್ಲೇ. “ಬರ್ರೀ! ಬರ್ರೀ! ಜಲ್ದಿ ಬರ್ರೀ!” ಎಂದು ಅವರು ಕೂಗಿದಾಗ ಅಕ್ಕಪಕ್ಕದವರೆಲ್ಲ ತಿರುಗಿ ನೋಡಿದರು. ಅವರ ಗಾಡಿ ಬ್ರೆಡ್ಡಿನ ಡಬ್ಬಿಗೆ ನಾಲ್ಕು ಚಕ್ರ ಹಚ್ಚಿದಂತಿತ್ತು. ನಾನು ಮೊದಲು ಹಿಂದಕ್ಕೆ ಹೋಗಿ ಬಗ್ಗಿ ನೋಡಿದೆ. ಹೊಗೆಯ ಕೊಳವೆ ಇರಲಿಲ್ಲ.

ಮೊದಲ ದಿನ

ನಮ್ಮೂರಲ್ಲಿ ನಾವು ರಸ್ತೆ ದಾಟುವುದು ಕಿವಿಯಿಂದ. ಹಾರ್ನು ಕೇಳಿದರೆ ನಿಲ್ಲುತ್ತೇವೆ, ಕೇಳದಿದ್ದರೆ ನಡೆಯುತ್ತೇವೆ. ಆ ಊರಲ್ಲಿ ಈ ಕಿವಿ ಕೆಲಸಕ್ಕೆ ಬರಲಿಲ್ಲ. ಎಲೆಯಡಿಕೆ ಹಾಕಿಕೊಳ್ಳುತ್ತ ರಸ್ತೆಯ ನಡುವೆ ನಿಂತಿದ್ದಾಗ ಬೆನ್ನಿಗೆ ಏನೋ ಮೆತ್ತಗೆ ತಾಗಿತು. ತಿರುಗಿದರೆ ಬೇಕರಿಯವನ ಗಾಡಿ! ಎಷ್ಟು ಹೊತ್ತಿನಿಂದ ನನ್ನ ಹಿಂದೆ ನಿಂತಿದ್ದನೋ, ಬೈಯಲೂ ಇಲ್ಲ, ನಕ್ಕು ಕೈ ಮಾಡಿ ಹೋದ. ನನಗೆ ಅದೂ ಅನುಮಾನಕ್ಕೆ ಬಂತು. ಬೈಯದವನು ಏನನ್ನೋ ಮುಚ್ಚಿಡುತ್ತಾನೆ ಎಂಬುದು ನನ್ನ ಅಂಗಡಿಯ ಅನುಭವ.

ಉರ್ಸುಲಾ ಅವರದು ಎಂಟು ಕೋಣೆಯ ಹೋಟೆಲು. ಕೋಣೆಯಲ್ಲಿ ಒಂದು ಚೀಟಿ: ಟವೆಲನ್ನು ಮತ್ತೆ ಬಳಸಿದರೆ ನೀರು ಉಳಿಯುತ್ತದೆ. “ಇದು ಜಿಪುಣತನ ಐತಿ, ಪರಿಸರ ಅಲ್ಲ” ಎಂದೆ. ಬೇಕರಿಯಲ್ಲಿ ಚೀಲ ಕೇಳಿದರೆ ಕೊಡಲಿಲ್ಲ, ನೀವೇ ತರಬೇಕಂತೆ. ಹಾಲಿನ ಗಾಜಿನ ಬಾಟಲಿ ತೊಳೆದು ವಾಪಸು ಕೊಡಬೇಕಂತೆ. ನಮ್ಮಜ್ಜಿ ಇದನ್ನೆಲ್ಲ ಯಾವ ಬೋರ್ಡೂ ಇಲ್ಲದೆ ಮಾಡುತ್ತಿದ್ದಳು. ಹೋಟೆಲನ್ನು ಬೆಚ್ಚಗಿಡಲು ಕಟ್ಟಿಗೆಯ ಚಕ್ಕೆ ಉರಿಸುತ್ತೇವೆ, ಅಡವಿಯಲ್ಲಿ ವ್ಯರ್ಥವಾಗುವ ಚಕ್ಕೆ, ಎಂದು ಉರ್ಸುಲಾ ಹೆಮ್ಮೆಯಿಂದ ತೋರಿಸಿದರು. ಕಂಪ್ಲಿಯಲ್ಲಿ ಪಂಪಾಪತಿಯ ಮಾವನ ರೈಸ್ ಮಿಲ್ ಇದೆ. ಅಲ್ಲಿ ಬಾಯ್ಲರಿಗೆ ಭತ್ತದ ಹೊಟ್ಟನ್ನೇ ಹಾಕುತ್ತಾರೆ, ನಾನು ಹುಟ್ಟುವ ಮೊದಲಿನಿಂದ.

“ನಿಮ್ಮ ಮಾವಗ ಯಾರಾರ ಸರ್ಟಿಫಿಕೇಟ್ ಕೊಟ್ರೇನು?” ಎಂದು ಕೇಳಿದೆ.

“ಕೇಸ್ ಹಾಕಿದ್ರು. ಬೂದಿ ಹಾರಿ ಬಾಜೂಕಿನವರ ಹಪ್ಪಳದ ಮ್ಯಾಲೆ ಬಿದ್ದಿತ್ತು” ಅಂದ ಪಂಪಾಪತಿ.

ಕರೆಂಟು ಎಲ್ಲಿಂದ ಎಂದು ಕೇಳಿದೆ. ಬೆಟ್ಟದ ನೀರಿನಿಂದ ಎಂದರು. ಡ್ಯಾಮು ನಮ್ಮೂರಲ್ಲೂ ಇದೆ. ಅದರ ಪಕ್ಕದಲ್ಲೇ ಕೂತು ಸಂಜೆ ಹೊತ್ತು ಮೇಣದಬತ್ತಿ ಹುಡುಕುವುದು ಮಾತ್ರ ನಮ್ಮ ಪಾಡು. ಈ ವಿಷಯದಲ್ಲಿ ನನಗೆ ಅನುಮಾನ ಬರಲಿಲ್ಲ, ಹೊಟ್ಟೆಕಿಚ್ಚು ಬಂತು.

ಊಟಕ್ಕೆ ತರಕಾರಿ ಸೂಪು ಕೊಟ್ಟರು. ಒಳಗೆ ಏನು ಹಾಕಿ ಕುದಿಸಿದ್ದಾರೋ ಎಂದು ಚಮಚೆಯಿಂದ ತಳದವರೆಗೆ ಕದಡಿ ನೋಡಿದೆ. ಉರ್ಸುಲಾ ನನ್ನ ಮುಂದೆ ಗಜ್ಜರಿ, ಆಲೂಗಡ್ಡೆ, ಈರುಳ್ಳಿಯ ಸಿಪ್ಪೆಗಳನ್ನು ತಂದಿಟ್ಟರು. “ನೋಡ್ರಿ, ಇಷ್ಟss. ಸುಳ್ಳಿಲ್ರಿ.” ನಾಚಿಕೆಯಾಯಿತು. ಆದರೂ ರೊಟ್ಟಿಯನ್ನೇ ತಿಂದೆ.

ಎರಡನೇ ದಿನ

ಅಲ್ಲಿ ಕಸಕ್ಕೆ ನಾಲ್ಕು ಬಣ್ಣದ ಡಬ್ಬಿ. ಜನರ ಮುಂದೆ ನಾಲ್ಕು, ಹಿತ್ತಲಲ್ಲಿ ಎಲ್ಲ ಒಂದೇ ಗಾಡಿಗೆ ಸುರಿಯುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಬೆಳ್ಳಗಿರೋದೆಲ್ಲ ಹಾಲಲ್ಲ. ಬೆಳಿಗ್ಗೆ ಐದೂವರೆಗೆ ಎದ್ದು, ಕಂಬಳಿ ಹೊದ್ದು, ಕಟ್ಟಿಗೆಯ ರಾಶಿಯ ಮರೆಯಲ್ಲಿ ಕುಳಿತೆ.

ಆರಕ್ಕೆ ಒಂದು ಸದ್ದು ಕೇಳಿಸಿತು. ಮೂವತ್ತು ವರ್ಷ ಕೇಳಿದ ಸದ್ದು, ಡೀಸೆಲ್ ಎಂಜಿನ್ನಿನದು! ಕಸದ ಲಾರಿ ಹೊಗೆ ಬಿಡುತ್ತ ಬಂತು. ನನಗೆ ಆದ ಆನಂದ ಹೇಳತೀರದು. ಓಡಿಹೋಗಿ ಪಂಪಾಪತಿಯನ್ನು ಬರೀ ಬನಿಯನ್ನಿನಲ್ಲೇ ಎಳೆದುಕೊಂಡು ಬಂದೆ. “ಸಿಕ್ಕಿಬಿದ್ರು ನೋಡ್ಲೇ!”

ಉರ್ಸುಲಾ ಬಾಗಿಲಲ್ಲಿ ನಿಂತಿದ್ದರು. ಲಾರಿಯ ಗಾಜಿಗೆ ಅಂಟಿಸಿದ್ದ ಕಾಗದವನ್ನು ತೋರಿಸಿದರು. ಕಸದ ಗಾಡಿಗೂ ಬೆಂಕಿ ಆರಿಸುವ ಗಾಡಿಗೂ ಡೀಸೆಲಿಗೆ ಊರಿನ ಪರವಾನಗಿ ಇದೆಯಂತೆ. ಎಲ್ಲರಿಗೂ ಗೊತ್ತಿರುವ ಸಂಗತಿಯಂತೆ. ಕಸವನ್ನೂ ಬೇರೆಬೇರೆಯಾಗಿಯೇ ಒಯ್ದರು. ಚಳಿಯಲ್ಲಿ ನಡುಗುತ್ತಿದ್ದ ಪಂಪಾಪತಿ ನನ್ನನ್ನೇ ನೋಡಿದ.

“ತಾ ಕಳ್ಳ ಪರರ ನಂಬ ಅಂತ ಗಾದಿ ಐತಿ, ಕೇಳಿಯಿಲ್ಲೋ?”

“ನಾ ಏನ್ ಕಳ್ಳತನ ಮಾಡೀನಿ?”

“ಅದು ನಿನಗ ಗೊತ್ತು. ನಿಮ್ಮ ಶೆಡ್ಡಿನ ಆ್ಯಸಿಡ್ ಎಲ್ಲಿ ಹೊಕ್ಕೈತಿ?”

ಹೊಲದ ಬದುವಿಗೆ ಹೋಗುತ್ತದೆ, ಆ ಬದುವಿನಲ್ಲಿ ಹುಲ್ಲು ಬೆಳೆಯುವುದಿಲ್ಲ. ಪಂಪಾಪತಿಗೆ ಅದು ಗೊತ್ತು. ನಾನು ಕಂಬಳಿ ಎಳೆದುಕೊಂಡು ಒಳಗೆ ನಡೆದೆ.

ಮಧ್ಯಾಹ್ನ ಉರ್ಸುಲಾ ಅವರ ಅಡುಗೆಮನೆಯ ಫೋನಿನಿಂದ ಮನೆಗೆ ಮಾತಾಡಿದೆ. ನೀಲಮ್ಮನ ದನಿ ಚೆನ್ನಾಗಿರಲಿಲ್ಲ.

“ವೀರೇಶಂದು ಮತ್ತ ಹೊಟ್ಟಿನೋವುರಿ. ತುತ್ತು ಬಾಯಿತನಕ ಹೋಗವಲ್ದು, ಕೈ ಕೆಳಗ ಬೀಳ್ತಾವ.”

“ಕುಡದಿರ್ತಾನ ಬಿಡು.”

“ವಾಸನಿ ಬರಲ್ರಿ. ನಾನss ಹತ್ರ ಹೋಗಿ ನೋಡೀನಿ.”

“ಈಗ ವಾಸನಿ ಬರಲಾರದವೂ ಬಂದಾವ. ನಾ ಬರೂತನಕ ತಡಿ, ಒಂದು ಇತ್ಯರ್ಥ ಮಾಡ್ತೀನಿ” ಎಂದು ಫೋನು ಇಟ್ಟೆ. ಇದನ್ನು ಬರೆಯುವಾಗ ಕೈ ಹಿಂದೇಟು ಹಾಕುತ್ತದೆ, ಆದರೆ ಆಡಿದ ಮಾತು ಅದೇ.

ರೂಡಿಯ ಗ್ಯಾರೇಜು

ಮೂರನೇ ದಿನ ಬೆಳಿಗ್ಗೆ ಗಾಡಿಗಳ ಬ್ಯಾಟರಿ ನೋಡಿಕೊಳ್ಳುವ ರೂಡಿ ಎಂಬ ಮುದುಕನ ಗ್ಯಾರೇಜಿಗೆ ಹೋದೆವು. ಎಪ್ಪತ್ತರ ಹತ್ತಿರದ ವಯಸ್ಸು, ಮೊಣಕೈವರೆಗೆ ರಬ್ಬರಿನ ಕೈಗವಸು, ಎದೆಗೆ ದಪ್ಪನೆಯ ಏಪ್ರನ್. ನಮ್ಮ ಕೈ ಕುಲುಕುವ ಮೊದಲು ಕೈಗವಸು ತೆಗೆದು, ಸೋಪು ಹಚ್ಚಿ, ಮೊಣಕೈವರೆಗೂ ತೊಳೆದುಕೊಂಡ. ಪೂಜೆಗೆ ಕೂರುವ ಭಟ್ಟರು ಕೂಡ ಅಷ್ಟು ಹೊತ್ತು ತೊಳೆಯುವುದಿಲ್ಲ. ನಮ್ಮ ಕೈ ಮುಟ್ಟಲು ಅಸಹ್ಯವೇನೋ ಎಂದು ನಾನು ತಪ್ಪು ತಿಳಿದೆ.

ಒಳಗೆ ನನ್ನ ಮನೆಗೇ ಬಂದಂತಾಯಿತು. ಅದೇ ಸೀಸ, ಅದೇ ಆ್ಯಸಿಡ್, ಅದೇ ಹುಳಿ ವಾಸನೆ. ಗಾಡಿ ಏನೇ ಆಗಿರಲಿ, ಹೊಟ್ಟೆಯೊಳಗೆ ಇರುವುದು ನಮ್ಮ ಟಿಪ್ಪರಿನ ಬ್ಯಾಟರಿಯ ದೊಡ್ಡಣ್ಣನೇ. ನಾನು ಇಷ್ಟು ದಿನ ಕಾದಿಟ್ಟಿದ್ದ ಪ್ರಶ್ನೆಯನ್ನು ಕೇಳಿದೆ.

“ಸತ್ತ ಬ್ಯಾಟರಿ ಏನ್ ಮಾಡ್ತೀರಿ? ಅದನ್ನ ಹೇಳ್ರಿ ಮೊದ್ಲು.”

ಉರ್ಸುಲಾ ಅವನ ಭಾಷೆಗೆ ತಿರುಗಿಸಿದರು. ರೂಡಿ ಮೂಲೆಯಲ್ಲಿದ್ದ ಮುಚ್ಚಳದ ತೊಟ್ಟಿಗಳನ್ನು ತೋರಿಸಿದ. ಅಲ್ಲಿಂದ ಕೆಳಗಿನ ಕಾರ್ಖಾನೆಗೆ ಹೋಗುತ್ತವೆ, ಇಲ್ಲಿ ಒಂದನ್ನೂ ಒಡೆಯುವುದಿಲ್ಲ ಎಂದ. ನಂಬಿಕೆ ಬರಲಿಲ್ಲ. ಸತ್ತದ್ದನ್ನೇ ಇಲ್ಲಿ ಬಿಚ್ಚಿ ಹೊಸದೆಂದು ಹಾಕಿದ್ದರೆ ಒಳಗಿನ ಆ್ಯಸಿಡ್ಡೇ ಹೇಳುತ್ತದೆ, ಇವರ ಮಾತು ಬೇಡ, ಬ್ಯಾಟರಿಯನ್ನೇ ಕೇಳೋಣ ಎಂದುಕೊಂಡೆ. ಒಂದು ಗಾಡಿಯ ಬ್ಯಾಟರಿಯ ಬಿರಡೆ ತೆಗೆಸಿದೆ. ಹೈಡ್ರೋಮೀಟರ್ ತೊಟ್ಟಿ ಸೇರಿತ್ತಲ್ಲ, ನಮ್ಮ ಉಸ್ತಾದ್ ಚಿಕ್ಕಂದಿನಲ್ಲಿ ಕಲಿಸಿದ ವಿದ್ಯೆ ನೆನಪಾಯಿತು. ಕಿರುಬೆರಳ ತುದಿಯನ್ನು ಅದ್ದಿ ನಾಲಗೆಗೆ ಮುಟ್ಟಿಸಿ ಉಗುಳಿದರೆ, ಹುಳಿಯ ಮೇಲೆ ಚಾರ್ಜು ತಿಳಿಯುತ್ತದೆ. ಹೊಸಪೇಟೆಯಲ್ಲಿ ಅದನ್ನು ನೋಡಿ ಗಿರಾಕಿಗಳು ತಲೆದೂಗುತ್ತಾರೆ.

ಬೆರಳು ನಾಲಗೆಗೆ ಮುಟ್ಟಿತೋ ಇಲ್ಲವೋ, ರೂಡಿ ನನ್ನ ಮಣಿಕಟ್ಟು ಹಿಡಿದು ಜಗ್ಗಿದ. ಮುದುಕನ ಹಿಡಿತ ಅಷ್ಟು ಬಿಗಿಯಾಗಿತ್ತು. ಕೊರಳಪಟ್ಟಿ ಹಿಡಿದು ನಲ್ಲಿಯ ಕೆಳಗೆ ಬಗ್ಗಿಸಿ ಬಾಯಿ ತೊಳೆಸಿದ. ಕಳ್ಳನ ಗುಟ್ಟು ಬಯಲಾಗುತ್ತದೆಂದು ಹೀಗೆ ಮಾಡುತ್ತಿದ್ದಾನೆ ಎಂದು ನಾನು ಆಗಲೂ ಅಂದುಕೊಂಡೆ! ತಲೆಯೆತ್ತಿದರೆ ಅವನ ಮುಖ ಬಿಳಿಚಿತ್ತು. ಉರ್ಸುಲಾ ಅವಸರದಿಂದ ಅವನ ಮಾತನ್ನು ಹೇಳಿದರು.

“ಅದರಾಗ ಸೀಸ ಇರ್ತೈತಿ ಅಂತಾರ್ರಿ. ಸೀಸ ವಿಷ. ನಿಮ್ಮೂರಾಗ ಸೀಸ ಕರಗಸ್ತೀರೇನು ಅಂತ ಕೇಳ್ತಾರ.”

“ಹೂಂ.”

ರೂಡಿ ನನ್ನನ್ನು ಎದುರು ನಿಲ್ಲಿಸಿ ಎರಡೂ ಕೈ ಮುಂದೆ ಚಾಚಿಸಿದ. ಅಂಗೈ ಕೆಳಗೆ ಮಾಡಿ ಬೆರಳು ಬಿಡಿಸಲು ಹೇಳಿ, ಮಣಿಕಟ್ಟು ಜೋತು ಬೀಳುತ್ತದೆಯೇ ಎಂದು ಬಹಳ ಹೊತ್ತು ನೋಡಿದ. ಆಮೇಲೆ ಹೆಬ್ಬೆರಳಿನಿಂದ ನನ್ನ ಕೆಳದುಟಿ ಜಗ್ಗಿ ಒಸಡು ನೋಡಿದ. ಸಂತೆಯಲ್ಲಿ ಎತ್ತಿನ ಹಲ್ಲು ನೋಡುವ ಹಾಗೆ. ಏನೂ ಇಲ್ಲ ಎಂದು ತಲೆಯಾಡಿಸಿ ಮಾತಾಡತೊಡಗಿದ. ಉರ್ಸುಲಾ ತಡವರಿಸುತ್ತ ಒಂದೊಂದೇ ಮಾತು ಕನ್ನಡಕ್ಕೆ ತಂದರು.

ರೂಡಿ ಹರೆಯದಲ್ಲಿ ಸೀಸ ಕರಗಿಸುವ ಕಾರ್ಖಾನೆಯಲ್ಲಿದ್ದ. ಜೊತೆಗೊಬ್ಬ ಗೆಳೆಯ. ಆ ಗೆಳೆಯನಿಗೆ ಹೊಟ್ಟೆ ಹುರಿ ಹಾಕಿದಂತೆ ನೋಯುತ್ತಿತ್ತು. ಸಿಟ್ಟು ಬರುತ್ತಿತ್ತು. ಕೈಯಿಂದ ಕಪ್ಪು ಬೀಳುತ್ತಿತ್ತು. ಎಲ್ಲರೂ ಕುಡಿಯುತ್ತಾನೆ ಎಂದರು, ಹೆಂಡತಿಯೂ ಅಂದಳು, ರೂಡಿಯೂ ಅಂದ. ಡಾಕ್ಟರು ಬಂದು ತುಟಿ ಎತ್ತಿ ನೋಡಿದರೆ ಒಸಡಿನಂಚಿಗೆ ನೀಲಿ ಬೆರೆತ ಕಪ್ಪು ಗೆರೆ. ಹೊಗೆಯ ಜೊತೆ ಸೀಸ ರಕ್ತಕ್ಕೆ ಸೇರಿತ್ತು. ಅಂದಿನಿಂದ ರೂಡಿ ವರ್ಷ ತಪ್ಪದೆ ರಕ್ತ ತೋರಿಸುತ್ತಾನೆ, ಕೈ ತೊಳೆಯದೆ ಯಾರನ್ನೂ ಮುಟ್ಟುವುದಿಲ್ಲ.

ವೀರೇಶ ನಕ್ಕಾಗ ಆ ಗೆರೆಯನ್ನು ಎಷ್ಟು ಸಲ ನೋಡಿದ್ದೆ! ಕುಡಿತದ ಜೊತೆ ಗುಟ್ಕಾವನ್ನೂ ಕಲಿತಿದ್ದಾನೆ ಎಂದು ಅದಕ್ಕೂ ಬೈದಿದ್ದೆ.

“ಆ ಗೆಳೆಯ ಹುಷಾರಾದ್ನ?” ಎಂದು ಕೇಳಿದೆ.

ಒಂದು ಕೈ ಪೂರ್ತಿ ಬಂತು, ಇನ್ನೊಂದು ಅರ್ಧ ಬಂತು, ಎಂದ ರೂಡಿ. ಬೆಂಕಿಯ ಹತ್ತಿರದಿಂದ ಎಷ್ಟು ಬೇಗ ಸರಿದರೆ ಅಷ್ಟು ಒಳ್ಳೆಯದು. ಔಷಧಿ ಇದೆ. ನಿಮ್ಮಲ್ಲಿ ಕರಗಿಸುವವರು ಯಾರು?

“ನನ್ನ ತಮ್ಮ” ಅಂದೆ. ಗಲ್ಲೆಯ ಮೇಲೆ ಕೂತ ನನ್ನ ಎರಡೂ ಕೈ ಗಟ್ಟಿಯಾಗಿದ್ದವು. ನಾಚಿಕೆಯಿಂದ ಅವನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

ಉರ್ಸುಲಾ ಅವರ ಅಡುಗೆಮನೆ

ಹೋಟೆಲಿಗೆ ಓಡಿದಂತೆಯೇ ನಡೆದೆ. ದಾರಿಯಲ್ಲಿ ಪಂಪಾಪತಿ “ಗಾಡಿ ವಿಚಾರ...” ಎಂದು ಬಾಯಿ ತೆರೆದವನು ನನ್ನ ಮುಖ ನೋಡಿ ಹೆಜ್ಜೆ ಜೋರು ಮಾಡಿದ. ನಂಬರು ಒತ್ತುವಾಗ ಎರಡು ಸಲ ತಪ್ಪಿತು. ಕೊನೆಗೆ ಅವನೇ ಒತ್ತಿಕೊಟ್ಟ. ಹೊಸಪೇಟೆಯಲ್ಲಿ ಆಗ ಮಧ್ಯಾಹ್ನ ಎರಡಾಗಿತ್ತು.

“ನೀಲಾ, ವೀರೇಶ ಎಲ್ಲಿ?”

“ಮಲಗ್ಯಾನ್ರಿ.”

“ಶೆಡ್ಡಿಗೆ ಹೋಗಿಲ್ಲ ಹೌದಿಲ್ಲೋ? ಹೋಗಬ್ಯಾಡ ಅನ್ನು. ಬೆಂಕಿ ಹಚ್ಚಬ್ಯಾಡ ಅನ್ನು.”

ನೀಲಮ್ಮ ದನಿ ತಗ್ಗಿಸಿದಳು. “ಬೆಂಕಿ ಹತ್ತೇತ್ರಿ. ಅವನ ಕೈ ಆಗವಲ್ದು, ನೀವು ಬಂದು ಮನಿ ಬಿಡಸ್ತೀರಿ ಅಂತ ಹೆದರ್ಯಾರ. ನಾಲ್ಕು ದಿನದಿಂದ ಗೌರಿನss ಸೌಟು ಹಿಡದಾಳ. ಈಗ ರೊಟ್ಟಿ ತಿನ್ನಾಕ ಬಂದಾಳ, ಮತ್ತ ಹೊಂಟಾಳ.”

ಗೌರಿ ನನ್ನ ತಮ್ಮನ ಹೆಂಡತಿ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿ ಗಂಡನ ಅಣ್ಣನ ಎದುರು ನಿಲ್ಲುವುದಿಲ್ಲ, ಅವನ ಜೊತೆ ಮಾತಾಡುವುದಿಲ್ಲ. ಮದುವೆಯಾಗಿ ಬಂದು ಒಂಬತ್ತು ವರ್ಷ. ನನಗೆ ಚಹಾ ಕೊಡಬೇಕಾದರೂ ನೀಲಮ್ಮನ ಕೈಯಲ್ಲಿ ಕೊಟ್ಟು ಕಳಿಸುತ್ತಾಳೆ. ನಾನು ಬಂದರೆ ಸೆರಗು ಎಳೆದುಕೊಂಡು ಒಳಗೆ ಹೋಗುತ್ತಾಳೆ. ಅವಳ ದನಿ ಹೇಗಿದೆ ಎಂದು ನನಗೆ ಗೊತ್ತಿರಲಿಲ್ಲ.

“ಗೌರಿ ಕೈಗೆ ಫೋನ್ ಕೊಡು.”

“ಏನಂತೀರಿ? ಆಕಿ ಹೆಂಗ ಮಾತಾಡ್ತಾಳ ನಿಮ್ಮ ಕೂಡ?”

“ಕೊಡು ಅಂದೆ.”

ಆ ಕಡೆ ಏನೋ ಪಿಸುಮಾತು. ಬಳೆಯ ಸದ್ದು ಫೋನಿನ ಹತ್ತಿರ ಬಂತು.

“ಯವ್ವಾ ಗೌರಿ, ನಾನು. ಬೆಂಕಿ ಆರಸು. ನೀನೂ ಮುಟ್ಟಬ್ಯಾಡ, ಅವನೂ ಮುಟ್ಟಬ್ಯಾಡ. ಇಬ್ರೂ ಮೈಕೈ ತೊಳಕೊಂಡು ಈಗಿಂದೀಗ ಬಳ್ಳಾರಿ ದೊಡ್ಡ ದವಾಖಾನಿಗೆ ಹೋಗ್ರಿ. ರಕ್ತ ತೋರಸ್ರಿ. ಸೀಸದ ಕೆಲಸ ಮಾಡ್ತೀವಿ ಅಂತ ಡಾಕ್ಟರಿಗೆ ಬಾಯಿಬಿಟ್ಟು ಹೇಳ್ರಿ. ತಪ್ಪು ನಂದು. ಕೇಳಿಸ್ತೇನವ್ವಾ?”

ಉಸಿರು ಮಾತ್ರ ಕೇಳುತ್ತಿತ್ತು. ಉರ್ಸುಲಾ ಒಲೆಯ ಪಕ್ಕ ನಿಂತಿದ್ದರು, ಪಂಪಾಪತಿ ಗೋಡೆ ನೋಡುತ್ತಿದ್ದ. ನಾನು ಫೋನನ್ನು ಕಿವಿಗೆ ಇನ್ನೂ ಒತ್ತಿ ಹಿಡಿದೆ. ಒಂಬತ್ತು ವರ್ಷದಲ್ಲಿ ಅವಳು ನನ್ನೊಡನೆ ಆಡಿದ ಮೊದಲ ಮಾತು ಅಷ್ಟು ದೂರದಿಂದ ಬಂತು.

“ಭಾವಾರ, ಅವ್ರು ಕುಡಿಯೂದಿಲ್ರಿ.”